ಆಲ್ಫಾ ಸೆಂಟಾರಿಯ ಸಂಗಾತಿ ನಕ್ಷತ್ರಕ್ಕೆ ಮಣ್ಣಗುಡ್ಡದಿಂದ ಒಂದು ದೂರು

ಮಣ್ಣಗುಡ್ಡ, ಮಂಗಳೂರು
ಮೇ 1984

ಮಾನ್ಯರೇ,

ಬೇಸಿಗೆಯಲ್ಲಿ ಉಳ್ಳಾಲದ ದಿಕ್ಕಿಗೆ, ತೆಂಗಿನಮರಗಳ ತಲೆಯ ಮೇಲೆ ದರ್ಶನ ಕೊಡುವ ತಮಗೆ ಸವಿನಯ ವಂದನೆಗಳು. ಬರಿಗಣ್ಣಿಗೆ ತಾವೂ ತಮ್ಮ ಹಿರಿಯ ಜೊತೆಗಾರರೂ ಒಂದೇ ಚುಕ್ಕಿಯಾಗಿ ಕಾಣುವುದರಿಂದ, ನಾನು ಕೈಮುಗಿದದ್ದು ಯಾರಿಗೆಂಬ ಸಂಶಯ ಬಂದರೆ ಅದು ತಮಗೇ ಎಂದು ತಿಳಿಯಬೇಕು.

ಹೊಸ ನಕ್ಷತ್ರದ ಸುತ್ತ ತಿರುಗುವ ಧೂಳು ಮೆಲ್ಲಗೆ ಅಂಟಿಕೊಂಡು ಗ್ರಹವಾಗುತ್ತದೆಂದೂ, ಆ ಹೊತ್ತಿಗೆ ಸಂಗಾತಿ ನಕ್ಷತ್ರ ಹತ್ತಿರ ಸುಳಿದರೆ ಧೂಳಿನ ಅಂಚು ಹರಿದುಹೋಗಿ, ಒಳಗಿನ ಕಲ್ಲುಗಳು ಕೂಡಿಕೊಳ್ಳುವ ಬದಲು ಡಿಕ್ಕಿ ಹೊಡೆದು ಪುಡಿಯಾಗಬಹುದೆಂದೂ ಓದಿದೆ. ಇದು ಅರ್ಥವಾಗಲು ನನಗೆ ದೂರದರ್ಶಕ ಬೇಕಾಗಲಿಲ್ಲ.

ರಜೆಯಲ್ಲಿ ನಮ್ಮ ಮನೆಯ ಮುಂದಿನ ಚಾವಡಿಯಲ್ಲಿ ಐದು ಹುಡುಗಿಯರಿಗೆ ವಿಜ್ಞಾನ ಹೇಳಿಕೊಡುತ್ತೇನೆ. ನನ್ನದೆಂದು ಇರುವುದು ಇದೊಂದೇ. ಅವರು ಪಾಠಕ್ಕೆ ನಿಲ್ಲದಿದ್ದರೆ ಚಾವಡಿ ನಮ್ಮ ಯಜಮಾನರ ಹೋಟೆಲಿನ ಅಕ್ಕಿಮೂಟೆಗಳ ಪಾಲು. ಪಾಠ ಕೂಡಿಬರುವ ಹೊತ್ತಿಗೆ ಸರಿಯಾಗಿ ಯಜಮಾನರ ಅಕ್ಕ, ಆಸ್ತಿ ಹೆಣ್ಣಿನ ಕಡೆಯಿಂದ ಬರುವ ಅಳಿಯಸಂತಾನದಂತೆ ಈ ಮನೆಯ ಒಡತಿಯೂ ಆದ ಕುಶಲಕ್ಕ, ಬಿಸಿ ಗೋಳಿಬಜೆ ಹಿಡಿದು ಬರುತ್ತಾರೆ. "ಎಂತ ಮಾರಾಯ್ತಿ, ಮಕ್ಕಳನ್ನು ಉಪವಾಸ ಕೂರಿಸಿ ಗ್ರಹ ಗ್ರಹ ಅಂತ! ಬನ್ನಿ ಮಕ್ಕಳೇ, ಚಟ್ನಿ ಸಹ ಉಂಟು." ನನ್ನ ಸೌರವ್ಯೂಹ ಅಂಗಳದ ತುಂಬ ಚದುರುತ್ತದೆ.

ಇದರ ಮುಂದೆ ತಮ್ಮ ಸಂಯಮವನ್ನು ಎಷ್ಟು ಹೊಗಳಿದರೂ ಸಾಲದು. ತಾವು ತಮ್ಮ ಜೊತೆಗಾರರನ್ನು ಸಮೀಪಿಸುವುದು ಎಂಬತ್ತು ವರ್ಷಕ್ಕೊಮ್ಮೆ. ಆಗಲೂ ನಮ್ಮ ಸೂರ್ಯನಿಗೆ ಶನಿಗ್ರಹ ಇರುವುದಕ್ಕಿಂತ ದೂರದಲ್ಲೇ ನಿಂತು ಹಿಂದಿರುಗುತ್ತೀರಿ, ತಿಂಡಿಯನ್ನಂತೂ ತರುವುದಿಲ್ಲ. ಆದ್ದರಿಂದ ತಾವು ದಯಮಾಡಿ ಇಲ್ಲಿಗೆ ವರ್ಗ ಮಾಡಿಸಿಕೊಂಡು, ತಮ್ಮ ಬದಲಿಗೆ ಕುಶಲಕ್ಕನನ್ನು ಅಲ್ಲಿನ ಕಕ್ಷೆಗೆ ಕಳುಹಿಸಬೇಕಾಗಿ ಪ್ರಾರ್ಥನೆ. ಸೆಕೆ ಸ್ವಲ್ಪ ಹೆಚ್ಚಾಗಬಹುದು. ಮಂಗಳೂರಿನ ಮೇ ತಿಂಗಳಲ್ಲಿ ಯಾರಿಗೂ ಗೊತ್ತಾಗದು.

ಅಥವಾ ನನ್ನ ಪಾಠವೇ ಸಪ್ಪೆಯಿದ್ದು, ತಪ್ಪನ್ನು ಗೋಳಿಬಜೆಯ ಮೇಲೆ ಹೊರಿಸುತ್ತಿದ್ದೇನೆಯೇ? ಆ ಸಂಶಯ ತೀರಿಸಿಕೊಳ್ಳಲು ನಿನ್ನೆ ತಮ್ಮ ವಿಷಯವನ್ನೇ ಪಾಠ ಮಾಡಿದೆ. "ಎರಡು ಸೂರ್ಯ ಇದ್ದರೆ ಗ್ರಹ ಆಗುವುದೇ ಇಲ್ಲವಾ ಟೀಚರ್?" ಎಂದು ಮುಮ್ತಾಝ್ ಕೇಳಿದಳು. ತನ್ನ ನಕ್ಷತ್ರದ ಹತ್ತಿರವೇ ಇದ್ದರೆ ಆಗಬಹುದು ಎಂದೆ. ಅವಳು ಚಾಪೆಯನ್ನು ನನ್ನ ಕಡೆಗೆ ಎಳೆದುಕೊಂಡಳು. ಗೋಳಿಬಜೆ ಬಂದಾಗಲೂ ಏಳಲಿಲ್ಲ. ಅಕ್ಕಿಮೂಟೆಯನ್ನು ಹೊರಗಿಡಲು ಒಂದು ಗ್ರಹ ಸಾಕು.

ತಮ್ಮ ದೂರದ, ಆದ್ದರಿಂದಲೇ ನಿಶ್ಚಿಂತ ವಿಶ್ವಾಸಿ,
ಶಶಿಪ್ರಭಾ

ತಾ.ಕ.: ಅವಳು ಏಳದಿದ್ದುದನ್ನು ಕಂಡು ಕುಶಲಕ್ಕನೂ ಕುಳಿತು ಕೇಳಿದರು. ಇಂದು ಎಲ್ಲರಿಗಿಂತ ಮೊದಲೇ, ಬರಿಗೈಯಲ್ಲಿ ಬಂದು, ಆ ಎರಡು ನಕ್ಷತ್ರಗಳಲ್ಲಿ ದೊಡ್ಡದು ಯಾವುದೆಂದು ವಿಚಾರಿಸಿದ್ದಾರೆ. ಮನೆ ಅವರದಾದ್ದರಿಂದ ಉತ್ತರವನ್ನು ಮುಂದೂಡಿದ್ದೇನೆ. ಈ ಪತ್ರ ಅವರ ಕೈಗೆ ಸಿಕ್ಕಿದರೆ, ಚಿಕ್ಕದಾದ ಸಂಗಾತಿ ನಕ್ಷತ್ರವೆಂದು ನಾನು ಬರೆದದ್ದು ಅವರನ್ನಲ್ಲ, ನನ್ನನ್ನೇ ಎಂದು ತಾವು ಸಾಕ್ಷಿ ಹೇಳಬೇಕು.