ಗಾಳಿಗಾಗಿ ಕಾದು ಕುಳಿತ ಮಾವ

ನನ್ನ ಮಾವ ಬಸವಂತಪ್ಪನವರು ನನ್ನನ್ನು ಹೊಗಳಿದವರೇ ಅಲ್ಲ. ನೌಕರಿ ಖಾಯಂ ಆದಾಗಲೂ ಬರೀ ‘ಹೂಂ’ ಅಂದಿದ್ದರು. ಆದರೂ ಅವರೆದುರು ಕಾಲು ಚಾಚದ, ಬಾಯಿಬಿಟ್ಟು ಆಕಳಿಸದ ಬಿಜಾಪುರದ ಅಳಿಯತನವನ್ನು ನಾನು ಬೈಕುಲ್ಲಾದ ಚಾಳಿನ ಖೋಲಿಗೆ ಬಂದ ಮೇಲೂ ಬಿಟ್ಟಿರಲಿಲ್ಲ. ಅದೇ ನನ್ನ ಪ್ರಾಣಕ್ಕೆ ಬಂತು.

ನನ್ನ ದೊಡ್ಡ ಕರುಳಿನ ಗೋಡೆಯಲ್ಲಿ ಪುಟ್ಟ ಪುಟ್ಟ ಚೀಲಗಳೆದ್ದು, ಮೇಲಿಂದ ಮೇಲೆ ಬಾತು, ಜ್ವರ ತರುತ್ತಿದ್ದವು. (“ಬಾಜಾರಕ್ಕ ಹೋಗೂವಾಗ ಒಂದ ಚೀಲಾ ನೆನಪಾಗಂಗಿಲ್ಲ, ಹೊಟ್ಯಾಗ ಇಷ್ಟ ಇಟಗೊಂಡೀರಿ!” ಎಂದು ಹೆಂಡತಿ ಚನ್ನವ್ವ ಅಳುತ್ತಲೇ ಬೈದಳು.) ಡಾಕ್ಟರು ಕೆಟ್ಟ ತುಂಡನ್ನು ಕೊಯ್ದು ತೆಗೆದು, ಉಳಿದ ತುದಿಗಳನ್ನು ಕೂಡಿಸಿ ಹೊಲಿದರು.

“ಕೆಳಗಿನಿಂದ ಗಾಳಿ ಸರಿದರೆ ಕರುಳು ಎಚ್ಚರಾಯಿತು ಅಂತ ಅರ್ಥ. ಅಲ್ಲಿತನಕ ಬಾಯಿಗೆ ಹನಿ ನೀರೂ ಇಲ್ಲ. ಸಂಜೆಯೊಳಗೆ ಆಗದಿದ್ದರೆ ಮತ್ತೆ ಹೊಟ್ಟೆ ತೆರೆಯಬೇಕಾದೀತು,” ಎಂದು ನಾಲ್ಕನೆಯ ದಿನ ಬೆಳಿಗ್ಗೆ ಹೇಳಿದರು.

ಗಾಳಿಯೇನೋ ಮಧ್ಯಾಹ್ನವೇ ಬಾಗಿಲಿಗೆ ಬಂದು ನಿಂತಿತ್ತು. ಆದರೆ ಮಂಚದ ಪಕ್ಕ, ಸ್ಟೂಲಿನ ಮೇಲೆ, ರುಮಾಲು ಸುತ್ತಿದ ಮಾವನವರು!

“ನಿಮ್ಮಪ್ಪನ್ನ ಹೊರಗ ಕಳಸ,” ಎಂದು ಚನ್ನವ್ವನಿಗೆ ಪಿಸುಗುಟ್ಟಿದೆ.

“ಅಪ್ಪಾ, ಕೆಳಗ ಉಡುಪಿ ಹೋಟೆಲ್ ಐತಿ. ಚಾ ಕುಡದ ಬಾ.”

“ಅಳಿಯಗ ಹನಿ ನೀರಿಲ್ಲ, ನಾ ಚಾ ಕುಡೀಲೇನ? ಗಾಳಿ ಸರಿಯೂತನಕಾ ನಾ ಏಳಂಗಿಲ್ಲ!”

“ನೀ ಏಳೂತನಕಾ ಅದು...” ಎಂದವಳು ನಾಲಿಗೆ ಕಚ್ಚಿಕೊಂಡು ನನ್ನ ಕಿವಿಯ ಹತ್ತಿರ ಬಗ್ಗಿದಳು. “ಜೀವಾ ಹೋಗೂ ಹೊತ್ತಿನ್ಯಾಗ ಎಂಥಾ ಮರ್ಯಾದಿ? ಬಿಟ್ಟಬಿಡ್ರಿ ಅತ್ಲಾಗ!”

“ಮಾವನವರ ಮುಂದ ಹ್ಯಾಂಗ?”

ಸಂಜೆಯಾಯಿತು. ಹೊಟ್ಟೆ ತಮಟೆಯಂತೆ ಬಿಗಿದಿತ್ತು. ಅಷ್ಟರಲ್ಲಿ ವರಾಂಡದಲ್ಲಿ ಕಿರ್ರ್ ಎಂದು ಆಪರೇಶನ್ನಿಗೆ ಒಯ್ಯುವ ಟ್ರಾಲಿಯ ಸದ್ದು. ಹಿಂದೆಯೇ ಡಾಕ್ಟರು. ಚನ್ನವ್ವ ತಾಳಿಯನ್ನು ಬಿಗಿಯಾಗಿ ಹಿಡಿದುಕೊಂಡಳು. ನನಗೆ ನಿಜಕ್ಕೂ ಭಯವಾಯಿತು. ಇವಳನ್ನು ಇನ್ನು ನೋಡುತ್ತೇನೋ ಇಲ್ಲವೋ ಅನ್ನಿಸಿತು. ಟ್ರಾಲಿ ಮಂಚಕ್ಕೆ ತಾಗಿದ್ದೇ ತಡ, ನನ್ನ ಅಳಿಯತನ ಕೈಕೊಟ್ಟಿತು.

ಇಡೀ ವಾರ್ಡು ಕೇಳಿಸಿಕೊಂಡಿತು. ನಾನು ಚಾದರವನ್ನು ಮುಖದ ಮೇಲೆ ಎಳೆದುಕೊಂಡೆ.

ಮಾವನವರು ಎದ್ದು ನಿಂತರು. ಚಾದರ ಸರಿಸಿದರು. ಅವರ ಕಣ್ಣಲ್ಲಿ ನೀರು! “ಶಾಬಾಸ್ ಅಳಿಯಾ! ನನ್ನ ಮಗಳಿಗೆ ತಕ್ಕ ಗಂಡಸ ನೀ!”

ಅಲ್ಲಿಗೇ ಬಿಟ್ಟರೇ? ಚಾಳಿನ ಬಾಗಿಲು ಬಾಗಿಲಿಗೆ ಪೇಢೆ ಹಂಚಿದರು, ಕಾರಣಸಮೇತ. ನಾನು ಮನೆಗೆ ಬಂದ ದಿನ ಎದುರು ಖೋಲಿಯ ಅಂಬವ್ವ ಆರತಿ ಎತ್ತಿ, ಎಲ್ಲರ ಮುಂದೆ ಕೇಳಿದಳು: “ಈಗ ಛಲೋ ಸರೀತೈತೇನ್ರಿ?”

ನಾನು ತಲೆತಗ್ಗಿಸಿದೆ. ಮಾವನವರು ಮೀಸೆ ತಿರುವಿ ನನ್ನ ಪರವಾಗಿ ಉತ್ತರ ಕೊಟ್ಟರು:

“ದಿನಾ! ನನ್ನ ಮುಂದನ!”