ಕಾಕಾನ ಕಾಯಿಪಲ್ಲೆ ಬಸ್ಸು

ನನ್ನ ಕಾಕಾ ನಿವೃತ್ತರಾಗಿದ್ದಾರೆಂಬ ಸುದ್ದಿಯನ್ನು ಅವರಿಗೆ ಇನ್ನೂ ಯಾರೂ ಸರಿಯಾಗಿ ತಿಳಿಸಿಲ್ಲವೆಂದೇ ನನ್ನ ಅನುಮಾನ. ಬೀಳ್ಕೊಡುಗೆಯೇನೋ ಆಯಿತು. ಹಾರ, ಶಾಲು, ಭಾಷಣ ಎಲ್ಲ ಆದವು. ಕಾಕಾ ಅದನ್ನು ಬೇರೆ ಯಾರದೋ ಕಾರ್ಯಕ್ರಮವೆಂಬಂತೆ ನೋಡಿ ಬಂದು, ಮರುದಿನ ಬೆಳಕು ಹರಿಯುವ ಮೊದಲೇ ಖಾಕಿ ಅಂಗಿ ತೊಟ್ಟು ಅಂಗಳದಲ್ಲಿ ನಿಂತರು. ಆಳಂದ, ಅಫಜಲಪುರ, ಜೇವರ್ಗಿ ದಾರಿಗಳಲ್ಲಿ ಅರ್ಧ ಆಯುಷ್ಯ ಬಸ್ಸಿನ ಕಂಡಕ್ಟರಾಗಿದ್ದವರು. ಈಗಲೂ ಓಡುವ ಬಸ್ಸಿನಲ್ಲಿ ನಿಂತವರ ಹಾಗೆ ಕಾಲು ಅಗಲಿಸಿಯೇ ನಿಲ್ಲುತ್ತಾರೆ. ಉಣ್ಣಲು ಕುಳಿತವರಿಗೆ "ಒಳಗ ಸರೀರಿ, ಒಳಗ ಸರೀರಿ" ಎನ್ನುತ್ತಿದ್ದರು. ಒಳಗೆ ಗೋಡೆ ಇದೆ, ಎಲ್ಲಿಗೆ ಸರಿಯುವುದು?

ತಿಂಗಳು ತುಂಬುವುದರೊಳಗೆ ಕಾಕಾನ ಹೆಂಡತಿ, ನಮ್ಮ ಕಾಕು, ನನ್ನ ಕೈ ಹಿಡಿದುಕೊಂಡಳು.

"ನಿಮ್ಮ ಸಾಲ್ಯಾಗ ಏನರೆ ಕೆಲಸ ಕೊಡವ್ವ ಇವರಿಗಿ. ಮನ್ಯಾಗಿದ್ರ ನನ್ನ ಜೀವಾ ತಿಂತಾರ. ನಿನ್ನಿ ನಾ ಹಿತ್ತಲಕ್ಕ ಹೊಂಟ್ರ, ಎಲ್ಲಿ ಇಳೀತಿ ಅಂತ ಕೇಳಿದ್ರು."

ನಾನು ಕಡಗಂಚಿಯ ಆಚೆ ನಮ್ಮೂರಿನ ಸರಕಾರಿ ಶಾಲೆಯಲ್ಲಿ ಶಿಕ್ಷಕಿ. ಆಗಷ್ಟೇ ನಾವು ಶಾಲೆಯ ಹಿಂದೆ ಒಂದು ಕೈತೋಟ ಶುರು ಮಾಡಿದ್ದೆವು. ಊರವರು ಗೊಬ್ಬರ, ಬೀಜ, ಕೈಲಾದ ದುಡಿಮೆ ಕೊಡುವುದು, ಮಕ್ಕಳು ಬೆಳೆಯುವುದು, ಬೆಳೆದದ್ದು ಬಿಸಿಯೂಟಕ್ಕೆ ಹೋಗುವುದು. ಮಕ್ಕಳ ಕೈಯಿಂದ ಚಿಪ್ಸ್ ಪಾಕೀಟು ಬಿಡಿಸಿ ಪಲ್ಲೆ ಕೊಡಬೇಕೆಂಬ ಆಸೆ ನಮ್ಮದು. ತೋಟ ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಕಾಕಾ ಬಂದರು. ಖಾಕಿ ಅಂಗಿಯಲ್ಲೇ ಬಂದರು, ಕೊರಳಲ್ಲಿ ಸೀಟಿಯೂ ಇತ್ತು.

ಕಾಕಾಗೆ ಬೇಸಾಯ ಎಷ್ಟು ಗೊತ್ತು ಎಂದು ದಯವಿಟ್ಟು ಕೇಳಬೇಡಿ. ಮೊದಲ ವಾರವೇ ಕೊತ್ತಂಬರಿ ಸಸಿಗಳನ್ನೆಲ್ಲ ಕಿತ್ತು ಬದುವಿಗೆ ಹಾಕಿದ್ದರು. ಯಾಕೆ ಕಾಕಾ ಎಂದರೆ, "ಅವು ವಿತೌಟ್ ತಿಕೀಟ್ ಇದ್ವವ್ವಾ, ಇಳಿಸಿಬಿಟ್ಟೆ" ಎಂದರು. ಆದರೆ ಮೂರು ತಾಲ್ಲೂಕುಗಳ ಯಾವ ಊರಲ್ಲಿ ಯಾರ ಹಿತ್ತಲಲ್ಲಿ ಏನು ಬೆಳೆಯುತ್ತದೆ ಎಂಬುದು ಮಾತ್ರ ಬಾಯಿಪಾಠ. ಅಷ್ಟು ವರ್ಷ ಅವರ ಕಾಯಿಪಲ್ಲೆ ಪುಟ್ಟಿಗಳನ್ನೆಲ್ಲ ಬಸ್ಸಿಗೆ ಹತ್ತಿಸಿದವರಲ್ಲವೇ! ಫೋನು ಹಚ್ಚಿದರೆ ಸಾಕು, ಜೇವರ್ಗಿಯಿಂದ ನುಗ್ಗೆಯ ಟೊಂಗೆ, ಕಿಣ್ಣಿ ಸುಲ್ತಾನದಿಂದ ಮೆಂತ್ಯದ ಬೀಜ, ಅಫಜಲಪುರದಿಂದ ಬದನೆಯ ಸಸಿ, ಎಲ್ಲ ಬಸ್ಸಿನಲ್ಲೇ ಬಂದಿಳಿಯುತ್ತಿದ್ದವು. ಒಮ್ಮೆ ಮಾತ್ರ ಹೊಸ ಕಂಡಕ್ಟರ್ ಮರೆತುಬಿಟ್ಟ. ನಮ್ಮ ಬದನೆ ಸಸಿಗಳು ಆಳಂದ ದಾಟಿ, ಖಜೂರಿ ದಾಟಿ, ಮಹಾರಾಷ್ಟ್ರವನ್ನೂ ಕಂಡು ಮರುದಿನ ಬಾಡಿ ಬಂದವು. ಕಾಕಾ ಅವುಗಳನ್ನು ನೆರಳಿನಲ್ಲಿಟ್ಟು ನೀರು ಚಿಮುಕಿಸಿದರು.

"ದೂರದ ಪ್ರಯಾಣ ಮಾಡಿ ಬಂದಾವ. ಇವತ್ತ ಯಾರೂ ಮಾತಾಡಸಬ್ಯಾಡ್ರಿ."

ಬೀಜ ಯಾವ ಊರಿನದೋ ಮಡಿಗೂ ಅದೇ ಊರಿನ ಹೆಸರು. ಪ್ರತಿ ಮಡಿಗೆ ಒಂದು ಬೋರ್ಡು. ಬೆಳಿಗ್ಗೆ ಸೀಟಿ ಊದಿ "ರೈಟ್" ಅಂದರೆ ಮಕ್ಕಳು ನೀರು ಹಾಕುತ್ತ ಹೊರಡಬೇಕು, "ಹೋಲ್ಡಾನ್" ಅಂದರೆ ನಿಲ್ಲಬೇಕು. ಒಂದು ದಿನ ತಾಲ್ಲೂಕಿನಿಂದ ಬಂದ ಸಾಹೇಬರು ಬದನೆ ಗಿಡ ತೋರಿಸಿ, ಇದೇನಪ್ಪಾ ಎಂದು ಮಗುವೊಂದನ್ನು ಕೇಳಿದರು.

"ಅಫಜಲಪುರ ಸರ್" ಎಂದಿತು ಮಗು.

ತೋಟ ಚೆನ್ನಾಗಿಯೇ ಬಂತು. ತೊಂದರೆ ಬಂದದ್ದು ತಾಟಿನಲ್ಲಿ. ಅಡುಗೆಯವ್ವ ಸೊಪ್ಪು ಬೇಯಿಸಿ ಸಾರಿಗೆ ಹಾಕಿದರೆ ಮಕ್ಕಳು ಅದನ್ನು ಬೆರಳಿನಲ್ಲಿ ಹೆಕ್ಕಿ ಹೆಕ್ಕಿ ಬದಿಗೆ ಸರಿಸುತ್ತಿದ್ದವು. ಶಾಲಾ ಸಮಿತಿಯ ಅಧ್ಯಕ್ಷರು ಊರಿನ ದೊಡ್ಡ ಹೊಲದವರು, ಸುತ್ತಿಬಳಸಿ ಮಾತಾಡುವವರಲ್ಲ. ಒಂದು ದಿನ ಊಟದ ಹೊತ್ತಿಗೆ ಬಂದು ಎಲ್ಲ ನೋಡಿದರು.

"ತಿನ್ನೂದೇ ಇಲ್ಲ ಅಂದ್ರ ಈ ತ್ವಾಟ ಯಾಕ್ರಿ? ಎಳ್ಳಮಾಸಿ ಹಬ್ಬದ ತನಕ ನೋಡ್ತೇನಿ. ಆಮ್ಯಾಲ ಆ ಜಾಗದಾಗ ಸೈಕಲ್ ಸ್ಟ್ಯಾಂಡ್ ಮಾಡಸ್ತೇನಿ."

ಮನೆಗೆ ಹೋಗುವ ದಾರಿಯಲ್ಲಿ ಕಾಕಾ ನನಗೆ ಅಂದರು:

"ತ್ವಾಟ ಹೋದ್ರ ನಾ ಮುಂಜಾನೆದ್ದು ಎಲ್ಲಿಗಿ ಹೋಗ್ಲವ್ವಾ?"

ಹಾಸ್ಯಕ್ಕೆ ಅಂದ ಮಾತಲ್ಲ ಅದು.

ಸಾಲದ್ದಕ್ಕೆ ತೋಟದಲ್ಲಿ ಕಳುವು ಬೇರೆ ಶುರುವಾಯಿತು. ಮೂಲಂಗಿ ಮಾಯ, ಸೌತೆಕಾಯಿ ಮಾಯ, ಮೆಂತ್ಯದ ಮಡಿ ಬೋಳು. ಕಾಕಾ ಚೆಕ್ಕಿಂಗ್ ಡ್ಯೂಟಿಗೆ ಇಳಿದರು. ಮಧ್ಯಾಹ್ನ ನುಗ್ಗೆ ಗಿಡದ ಹಿಂದೆ ಬಗ್ಗಿ ಕುಳಿತವರು, ಸ್ವಲ್ಪ ಹೊತ್ತಿಗೆ ಏದುಸಿರು ಬಿಡುತ್ತ ನನ್ನ ತರಗತಿಗೆ ಬಂದರು. ಮುಖದಲ್ಲಿ ಲಾಟರಿ ಹತ್ತಿದ ಕಳೆ.

"ಕಳ್ಳರು ಸಿಕ್ರು. ನಮ್ಮ ಹುಡುಗ್ರೇ! ಗ್ವಾಡಿ ಹಿಂದ ಕುಂತು ಹಸಿ ಪಲ್ಲೆ ಶೇಂಗಾ ಹಿಂಡಿ ಹಚ್ಚಿಕೊಂಡು ಕಟಕಟ ತಿನ್ನಾಕತ್ತಾರ."

ನಮ್ಮ ಕಡೆ ಮನೆಮನೆಯಲ್ಲೂ ರೊಟ್ಟಿಯ ಜೊತೆ ಹಸಿ ಮೆಂತ್ಯ, ಹಸಿ ಮೂಲಂಗಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ತಿನ್ನುವುದೇ ರೂಢಿ. ಅದನ್ನು ಬಿಟ್ಟು ನಾವು ಎಲ್ಲವನ್ನೂ ಬೇಯಿಸಿ ಬೇಯಿಸಿ ಸಾರಿನಲ್ಲಿ ಮುಳುಗಿಸುತ್ತಿದ್ದೆವು. ಕಾಕಾ ಆ ಗಳಿಗೆಯೇ ಅಧ್ಯಕ್ಷರ ಮನೆಗೆ ಓಡಿದರು. ತನ್ನ ತೋಟ ಕಳುವಾಯಿತೆಂದು ಅಷ್ಟು ಸಂತೋಷದಿಂದ ದೂರು ಕೊಟ್ಟವರು ಬೇರೆ ಯಾರೂ ಇರಲಾರರು. ಅಧ್ಯಕ್ಷರು ನಕ್ಕರಂತೆ. ಆದರೆ ಪಟ್ಟು ಬಿಡಲಿಲ್ಲ.

"ಕದ್ದು ತಿಂದಿದ್ದು ಲೆಕ್ಕಕ್ಕಿಲ್ರಿ. ತಾಟಿನ್ಯಾಗ ತಿನ್ನಲಿ."

ನಾವು ತಾಯಂದಿರನ್ನು ಕರೆಸಿದೆವು. ಹಿಂಡಿ ಒಂದೊಂದು ದಿನ ಒಂದೊಂದು ಮನೆಯಿಂದ ಬರುವುದೆಂದಾಯಿತು. ಮಕ್ಕಳೇ ತೊಳೆದು, ಮಕ್ಕಳೇ ಬಡಿಸಿದರು. ಕಾಕಾ ಸಾಲಿನ ನಡುವೆ "ಯಾರರೆ ಮೂಲಂಗಿ, ಮೂಲಂಗಿ?" ಎಂದು ತಿಕೀಟು ಕೇಳುವ ಧಾಟಿಯಲ್ಲೇ ಕೂಗುತ್ತ ಓಡಾಡಿದರು. ತಾಟುಗಳು ಖಾಲಿಯಾದವು. ಅಧ್ಯಕ್ಷರು ಬಂದು ನೋಡಿದರು, ತಾವೂ ಒಂದು ಮೂಲಂಗಿ ಕಡಿದರು, ಏನೂ ಹೇಳದೆ ಹೋದರು. ಆ ಮೌನದಿಂದ ಕಾಕಾ ಸೊರಗಿಹೋದರು. ಸೀಟಿ ಊದುವುದನ್ನೂ ಬಿಟ್ಟರು.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಎಲ್ಲರೂ ಅವರವರ ಹೊಲಕ್ಕೆ ಹೋಗುತ್ತಾರೆ. ಎಲ್ಲ ಕಾಯಿಪಲ್ಲೆ ಕೂಡಿಸಿ ಬೇಯಿಸಿದ ಭಜ್ಜಿ, ಕಡುಬು, ಸಜ್ಜೆ ರೊಟ್ಟಿ ಮಾಡಿಕೊಂಡು ಹೋಗುತ್ತಾರೆ. ಹೊಲದ ಒಡೆಯ ಭೂಮಿತಾಯಿಗೆ ಇಟ್ಟ ಎಡೆಯ ಅನ್ನವನ್ನು ಗಟ್ಟಿಯಾಗಿ ಕೂಗು ಹಾಕುತ್ತ ಬೆಳೆಯ ಮೇಲೆ ಚೆಲ್ಲುತ್ತಾನೆ. ಅದೇ ಚರಗ. ಅವನ ಹಿಂದೆ ಒಬ್ಬರು ನೀರು ಚೆಲ್ಲುತ್ತ ನಡೆಯುತ್ತಾರೆ. ಶಾಲೆಯ ತೋಟಕ್ಕೆ ನಾವು ಹಿಂದಿನ ದಿನವೇ ಚರಗ ಇಟ್ಟುಕೊಂಡೆವು. ತೋಟದ ಕಾಯಿಪಲ್ಲೆಯದೇ ಭಜ್ಜಿ. ಊರವರೆಲ್ಲ ಬಂದರು. ಪೂಜೆ ಆಯಿತು. ದೊಡ್ಡ ಹೊಲದವರು, ರೂಢಿಯಂತೆ ಅವರೇ ಚೆಲ್ಲಲಿ ಎಂದು ಕಾಕಾ ಚರಗದ ಬುಟ್ಟಿಯನ್ನು ಅಧ್ಯಕ್ಷರ ಮುಂದೆ ಹಿಡಿದರು.

ಅಧ್ಯಕ್ಷರು ಕೈ ಚಾಚಲಿಲ್ಲ.

"ನನ್ನ ಹೊಲ ಊರಾಚೆ ಅದರಿ. ಅಲ್ಲಿ ನಾಳಿ ಚೆಲ್ತೇನಿ. ಇಲ್ಲಿ ಹೊಲದವರು ನೀವು. ಈ ವರ್ಷ ನೀವೇ ಚೆಲ್ರಿ, ಬರೂ ವರ್ಷಾನೂ ನೀವೇ ಚೆಲ್ರಿ."

ಕಾಕಾ ಹಿಂದೆ ತಿರುಗಿ ನೋಡಿದರು, ಆ ಮಾತು ಯಾರಿಗೆ ಹೇಳಿದ್ದು ಎಂಬಂತೆ. ಹಿಂದೆ ನಾನೊಬ್ಬಳೇ ನೀರಿನ ತಂಬಿಗೆ ಹಿಡಿದು ನಿಂತಿದ್ದೆ.

"ಎಳ್ಳಮಾಸಿ ಬಂತಂದ್ರ ಎಲ್ಲಾರೂ ರಜಾ ಕೇಳ್ತಿದ್ರವ್ವಾ" ಎಂದರು, ನನಗಷ್ಟೇ ಕೇಳುವಂತೆ. "ನಾ ಒಂದ್ ವರ್ಷಾನೂ ಕೇಳಿಲ್ಲ. ಊರ ಮಂದೀನೆಲ್ಲ ಅವರವರ ಹೊಲಕ್ಕ ಇಳಿಸಿ ಬರ್ತಿದ್ದೆ. ರಜಾ ತೊಗೊಂಡು ಎಲ್ಲಿಗಿ ಹೋಗ್ಲಿ? ಚರಗಾ ಚೆಲ್ಲಾಕ ನಮಗ ಒಂದ್ ಗೇಣು ಹೊಲ ಇರಲಿಲ್ಲ."

ಇಷ್ಟು ವರ್ಷ ಒಂದೇ ಮನೆಯಲ್ಲಿ ಹಬ್ಬದೂಟ ಉಂಡರೂ ನನಗೆ ಇದು ಹೊಳೆದಿರಲಿಲ್ಲ. ಕಾಕಾ ಚಪ್ಪಲಿ ಕಳಚಿ ಬದುವಿನ ಆಚೆ ಇಟ್ಟರು, ಬುಟ್ಟಿಯಿಂದ ಒಂದು ಹಿಡಿ ತೆಗೆದು ಮೆಂತ್ಯದ ಮಡಿಯ ಮೇಲೆ ಮೆಲ್ಲಗೆ ಚೆಲ್ಲಿದರು. ಚರಗದ ಕೂಗು ಕೂಗಲು ಬಾಯಿ ತೆರೆದರು. ದನಿ ಹೊರಡಲಿಲ್ಲ. ಮಕ್ಕಳು ಅವರ ಪರವಾಗಿ ಕೂಗಿದವು. ನಾನು ನೀರು ಚೆಲ್ಲುತ್ತ ಅವರ ಹಿಂದೆಯೇ ನಡೆದೆ.