ಪ್ಲಾಸ್ಟಿಕ್ ವಿರೋಧಿ ಅರಿಶಿಣ ಕುಂಕುಮ

ಮುಂಬೈ ಪಕ್ಕದ ಠಾಣೆ ನಗರದ ಸರ್ಕಾರಿ ಕಚೇರಿಯೊಂದರಲ್ಲಿ ನನಗೆ ಇಂಟರ್ನ್‌ಶಿಪ್ ಸಿಕ್ಕ ದಿನವೇ ನಾನು ಮನೆಯಲ್ಲಿ ಒಂದು ಘೋಷಣೆ ಹೊರಡಿಸಿದೆ. "ಸೋಮವಾರದಿಂದ ಶುಕ್ರವಾರದವರೆಗೆ ನಾನು ಸರ್ಕಾರದವಳು. ಶನಿವಾರ, ಭಾನುವಾರ ನಾನು ನನ್ನವಳು. ಇದರಲ್ಲಿ ಯಾವುದೇ ಬದಲಾವಣೆ ಇರುವುದಿಲ್ಲ!"

ಅವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು: "ಹಂಗಾರ ನಮ್ಮಾಕಿ ಯಾವಾಗವಾ?"

ಈ ಪ್ರಶ್ನೆ ಕಾರ್ಯಸೂಚಿಯಲ್ಲಿ ಇರಲಿಲ್ಲ. ಅಪ್ಪ ಎಂದಿನಂತೆ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೊರಟರು. ನಮ್ಮದು ವಿಜಯಪುರದ ಕಡೆಯ ಮನೆತನ, ನಾನು ಹುಟ್ಟಿ ಬೆಳೆದದ್ದೆಲ್ಲ ಠಾಣೆ ಹತ್ತಿರದ ಡೊಂಬಿವಲಿ. ಡೊಂಬಿವಲಿಯ ಲೋಕಲ್ ಟ್ರೇನ್‌ಗೆ ನಿತ್ಯ ಹತ್ತಿ ಇಳಿಯುವವಳಿಗೆ ಎರಡು ದಿನದ ರಜೆ ಉಳಿಸಿಕೊಳ್ಳುವುದು ಯಾವ ಲೆಕ್ಕ ಎಂದು ನಾನು ತಿಳಿದಿದ್ದೆ.

ನನಗೆ ಕೊಟ್ಟದ್ದು ಸ್ವಚ್ಛತೆಯ ವಿಭಾಗ. ಕೊನೆಯಲ್ಲಿ ನಮ್ಮ ಮೇಡಂ ಸಹಿ ಹಾಕಿದ ಪ್ರಮಾಣಪತ್ರ ಸಿಕ್ಕರೆ ಮಾತ್ರ ನನ್ನ ಡಿಗ್ರಿ ಪೂರ್ತಿ. ಸಿಗದಿದ್ದರೆ ಇನ್ನೊಂದು ವರ್ಷ ಅದೇ ಕಾಲೇಜು, ಅದೇ ಕ್ಯಾಂಟೀನು. ಸೇರಿದ ಕೆಲವೇ ದಿನಗಳಲ್ಲಿ ನಾನೊಂದು ಸತ್ಯವನ್ನು ಕಂಡುಕೊಂಡೆ. ಸರ್ಕಾರಕ್ಕೆ ಶನಿವಾರ ರಜೆಯಿದೆ. ಇಂಟರ್ನ್‌ಗಳಿಗೆ ಇದೆ ಎಂದು ಯಾರೂ ಹೇಳಿಲ್ಲ!

ಸಂಕ್ರಾಂತಿ ಕಳೆದ ವಾರ ನನ್ನ ಗೆಳತಿ ಋಚಾ ಒಂದು ಯೋಜನೆ ಹಾಕಿದಳು. ಶನಿವಾರ ಮಧ್ಯಾಹ್ನ ಎರಡಕ್ಕೆ ಕಲ್ಯಾಣ ಸ್ಟೇಷನ್ ಹೊರಗಿನಿಂದ ಗಾಡಿ ಹೊರಡುತ್ತದೆ. ಮುರ್ಬಾಡ್ ಕಡೆಯ ಒಂದು ತೋಟದಲ್ಲಿ ಹುರ್ಡಾ ಪಾರ್ಟಿ. ಎಳೆ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬಿಸಿಬಿಸಿ ಕಾಳು ತಿನ್ನುವುದು. ರಾತ್ರಿ ಅಲ್ಲೇ ಟೆಂಟು, ಹಾಡು, ಭಾನುವಾರ ಸಂಜೆ ವಾಪಸ್. ಮನೆಯಲ್ಲಿ ಹೇಳಿದಾಗ ಅವ್ವನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಸೀತನಿ ಏನ?" ಎಂದಳು. ವಿಜಯಪುರದ ಕಡೆ ಹುರ್ಡಾಕ್ಕೆ ಅದೇ ಹೆಸರು. "ನಾ ಸೀತನಿ ತಿಂದು ಎಷ್ಟ್ ವರ್ಷ ಆತೋ ಏನೋ! ತಿಂದ್ ಬಾರವಾ. ನನ್ನ ಹೆಸರಿಲೆ ಒಂದು ಹಿಡಿ ಜಾಸ್ತಿ ತಿನ್ನು."

ಆ ಗುರುವಾರವೇ ಮೇಡಂ ನಮ್ಮನ್ನೆಲ್ಲ ಕರೆದರು. ಶನಿವಾರ ಬೆಳಗ್ಗೆ ಪ್ಲಾಸ್ಟಿಕ್ ವಿರೋಧಿ ಜಾಗೃತಿ ಶಿಬಿರ ಆಗಬೇಕು, ದೊಡ್ಡ ಸಾಹೇಬರೇ ಬರುತ್ತಾರೆ, ಹೆಂಗಸರು ತುಂಬಿರಬೇಕು. ಹಿಂದಿನ ಶಿಬಿರ ಠಾಣೆ ಪಕ್ಕದ ಕಳವಾ ಎಂಬ ಊರಿನಲ್ಲಿ ನಡೆದಿತ್ತು. ಅದಕ್ಕೆ ಬಂದವರು ಇಬ್ಬರು. ಒಬ್ಬರು ದಾರಿ ಕೇಳಲು ಬಂದಿದ್ದರು. ಇನ್ನೊಬ್ಬರು ಫ್ಯಾನ್ ಇದೆಯೆಂದು ಕೂತಿದ್ದರು.

"ಗರ್ದಿ ಕೌನ್ ಲಾಯೇಗಾ?" ಎಂದು ಮೇಡಂ ಕೇಳಿದರು. ಗುಂಪು ಸೇರಿಸುವವರು ಯಾರು? ಎಲ್ಲರೂ ನೆಲ ನೋಡಿದರು. ನನ್ನ ತಲೆಯಲ್ಲಿ ಲೆಕ್ಕ ಓಡಿತು. ಶಿಬಿರ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಹಾಲ್‌ನಲ್ಲೇ ಇಟ್ಟರೆ ಬೆಳಗ್ಗೆ ಹತ್ತಕ್ಕೆ ಶುರು, ಮಧ್ಯಾಹ್ನದೊಳಗೆ ಮುಕ್ತಾಯ. ಡೊಂಬಿವಲಿಯಿಂದ ಕಲ್ಯಾಣ ಎಷ್ಟು ದೂರ? ಸರ್ಕಾರಕ್ಕೆ ಸರ್ಕಾರ, ಸೀತನಿಗೆ ಸೀತನಿ! ನಾನು ಕೈ ಎತ್ತಿದೆ. ಆ ಕೈಯನ್ನು ಇವತ್ತಿಗೂ ನಾನು ಕ್ಷಮಿಸಿಲ್ಲ.

ಸೊಸೈಟಿಯ ವಾಟ್ಸಪ್ ಗುಂಪಿನಲ್ಲಿ "ಜಾಗೃತಿ ಶಿಬಿರ" ಎಂದು ಹಾಕಿದೆ. ಉತ್ತರವಾಗಿ ಬಂದದ್ದು ಒಂದೇ ಒಂದು ಹೆಬ್ಬೆರಳು. ಅದೂ ವಾಚ್‌ಮನ್‌ನದು.

"ಶಿಬಿರ ಅಂದ್ರ ಯಾರ್ ಬರ್ತಾರವಾ?" ಎಂದಳು ಅವ್ವ. "ಅರಿಶಿಣ ಕುಂಕುಮ ಅಂತ ಕರಿ. ಓಡ್ಕೋತ ಬರ್ತಾರ."

ಎದುರು ಮನೆಯ ಶಾಂತಕ್ಕ ಉಡುಪಿ ಕಡೆಯವರು. ನಮ್ಮ ಮನೆಯ ಯಾವ ಸಭೆಯೂ ಅವರಿಲ್ಲದೆ ನಡೆಯುವುದಿಲ್ಲ. ಅವರು ತಿದ್ದುಪಡಿ ಸೂಚಿಸಿದರು: "ಬರೀ ಕುಂಕುಮಕ್ಕೆ ಯಾರು ಬರ್ತಾರೆ ಮಾರಾಯ್ತಿ? ವಾಣ ಉಂಟು ಅಂತ ಬರಿ. ಅದೂ ಬೆಳಗ್ಗೆ ಬಂದವರಿಗೆ ಮಾತ್ರ ಅಂತ ಬರಿ." ಕುಂಕುಮ ಹಚ್ಚಿ ಕೈಗೆ ಕೊಡುವ ಚಿಕ್ಕ ಉಡುಗೊರೆಯೇ ವಾಣ. ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ನಮ್ಮೂರಿನ ಹೆಂಗಸರೆಲ್ಲ ಮನೆಯಿಂದ ಮನೆಗೆ ವಾಣ ಕೊಡುತ್ತಾ ತೆಗೆದುಕೊಳ್ಳುತ್ತಾ ಓಡಾಡುತ್ತಿರುತ್ತಾರೆ. ಬರೆದೆ. ಹೆಬ್ಬೆರಳುಗಳ ಮಳೆ ಸುರಿಯಿತು!

ಶುಕ್ರವಾರ ವಾಣ ತರಬೇಕಿತ್ತು. ಆದರೆ ನಾನು ಕಚೇರಿ ಬಿಟ್ಟವಳೇ ನೌಪಾಡಾ ಪೇಟೆಗೆ ಹೋಗಿ ಟೆಂಟಿನ ರಾತ್ರಿಗೆ ತಕ್ಕ ಸ್ವೆಟರ್ ಹುಡುಕುತ್ತಿದ್ದೆ. ಅಂಗಡಿಯಲ್ಲಿದ್ದಾಗಲೇ ಶಾಂತಕ್ಕನ ಫೋನು.

"ಎಂತ ತರುವುದು?"

"ಏನಾದ್ರೂ ತನ್ನಿ ಶಾಂತಕ್ಕ. ಮನೆಗೆ ಉಪಯೋಗ ಆಗ್ಬೇಕು, ಬಾಳಿಕೆ ಬರ್ಬೇಕು, ನೋಡೋಕೆ ಚೆನ್ನಾಗಿರ್ಬೇಕು. ಅಷ್ಟೇ."

"ಆಯ್ತು, ನೀನು ಟೆನ್ಷನ್ ಮಾಡ್ಬೇಡ."

ನಾನು ಟೆನ್ಷನ್ ಮಾಡಲಿಲ್ಲ. ಕೆಲಸವನ್ನು ಯೋಗ್ಯರಿಗೆ ಹಂಚುವುದೇ ಆಡಳಿತ ಎಂದುಕೊಂಡು ನೀಲಿ ಸ್ವೆಟರ್ ಆರಿಸಿಕೊಂಡೆ.

ಶನಿವಾರ ಬೆಳಗ್ಗೆ ಹಾಲ್ ತುಂಬಿ, ಮೆಟ್ಟಿಲು ತುಂಬಿ, ಪಾರ್ಕಿಂಗ್ ಕೂಡ ತುಂಬಿತು. ಜರಿ ಸೀರೆ, ಮೂಗುತಿ, ಮಲ್ಲಿಗೆ. ಪಕ್ಕದ ಸೊಸೈಟಿಯವರೂ ಬಂದಿದ್ದರು. ಕಾಲು ನೋವೆಂದು ಲಿಫ್ಟಿನಿಂದಲೂ ಇಳಿಯದ ಮೂರನೇ ಮಹಡಿಯ ಅಜ್ಜಿ ಮೊದಲ ಸಾಲಿನಲ್ಲಿ ಕೂತಿದ್ದರು. ಮೇಡಂ ನನ್ನ ಬೆನ್ನು ತಟ್ಟಿದರು. ಪ್ರಮಾಣಪತ್ರದ ಮೇಲೆ ಸಹಿ ಬೀಳುವ ಸಪ್ಪಳ ನನಗೆ ಕೇಳಿಸಿತು.

ಸಾಹೇಬರು ಮಾತ್ರ ಸಾಹೇಬರ ವೇಳೆಗೆ ಬಂದರು. ಆಗಲೇ ಮಧ್ಯಾಹ್ನ ಹತ್ತಿರವಾಗಿತ್ತು. ಭಾಷಣ ಶುರುವಾಯಿತು. ಸಮುದ್ರದ ಮೀನಿನ ಹೊಟ್ಟೆಯಲ್ಲಿ ಪ್ಲಾಸ್ಟಿಕ್, ಹಸುವಿನ ಹೊಟ್ಟೆಯಲ್ಲಿ ಪ್ಲಾಸ್ಟಿಕ್. ಕೊನೆಗೆ ಎಲ್ಲರನ್ನೂ ಎಬ್ಬಿಸಿ ಮರಾಠಿಯಲ್ಲಿ ಪ್ರತಿಜ್ಞೆ ಮಾಡಿಸಿದರು. "ಪ್ಲಾಸ್ಟಿಕ್ ಘರಾತ್ ಆಣಣಾರ್ ನಾಹೀ!" ಮನೆಗೆ ತರುವುದಿಲ್ಲ! ಬಳೆ ತುಂಬಿದ ಕೈಗಳೆಲ್ಲ ಮೇಲೇರಿದವು. "ನಾಹೀ! ನಾಹೀ!" ನನ್ನ ಕಣ್ಣಲ್ಲಿ ನೀರು ಬಂತು. ಇಷ್ಟು ಸುಲಭವಾಗಿ ದೇಶ ಸುಧಾರಿಸುತ್ತದೆಂದು ನನಗೆ ಗೊತ್ತಿರಲಿಲ್ಲ.

"ಈಗ ಸಾಹೇಬರ ಹಸ್ತದಿಂದ ವಾಣ" ಎಂದು ನಾನೇ ಮೈಕಿನಲ್ಲಿ ಹೇಳಿದೆ.

ಶಾಂತಕ್ಕ ಗೋಣಿಚೀಲದ ಬಾಯಿ ಬಿಚ್ಚಿದರು. ಒಳಗಿನಿಂದ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಡಬ್ಬಿ ಬಂತು. ಅದರ ಮುಚ್ಚಳ ಪ್ಲಾಸ್ಟಿಕ್. ಧೂಳು ಕೂರಬಾರದೆಂದು ಒಂದೊಂದಕ್ಕೂ ತೊಡಿಸಿದ್ದ ಕವರ್ ಕೂಡ ಪ್ಲಾಸ್ಟಿಕ್!

ನಾನು ಹಾರಿ ಹೋಗಿ ತಡೆಯುವಷ್ಟರಲ್ಲಿ ಅವ್ವ ಒಂದನ್ನು ಸಾಹೇಬರ ಕೈಗಿಟ್ಟಿದ್ದಳು. ಸಾಹೇಬರು ಮೂರನೇ ಮಹಡಿಯ ಅಜ್ಜಿಗೆ ಡಬ್ಬಿ ಕೊಡುತ್ತಿರುವ ಫೋಟೋ ಬಿತ್ತು. ಹಿಂದೆ ದೊಡ್ಡ ಅಕ್ಷರದಲ್ಲಿ ಬ್ಯಾನರ್: ಪ್ಲಾಸ್ಟಿಕ್ ಮುಕ್ತ ಮನೆ.

ಸಾಹೇಬರು ಡಬ್ಬಿ ನೋಡಿದರು. ಬ್ಯಾನರ್ ನೋಡಿದರು. ಮೇಡಂ ಅವರನ್ನು ನೋಡಿದರು. ಮೇಡಂ ನನ್ನನ್ನು ನೋಡಿದರು. ನಾನು ನೋಡಲು ನನ್ನ ಹಿಂದೆ ಯಾರೂ ಇರಲಿಲ್ಲ.

ಶಾಂತಕ್ಕ ನನ್ನ ರಕ್ಷಣೆಗೆ ಧಾವಿಸಿದರು. "ಸಾಬ್, ಅಚ್ಛಾ ಮಾಲ್ ಹೈ! ಯೇ ಕಭೀ ಖರಾಬ್ ನಹೀ ಹೋತಾ!" ಎಂದೂ ಹಾಳಾಗುವುದೇ ಇಲ್ಲವಂತೆ!

"ವಹೀ ತೋ ಪ್ರಾಬ್ಲಮ್ ಹೈ!" ಎಂದು ಸಾಹೇಬರು ಗುಡುಗಿದರು. ಅದೇ ತಾನೇ ಸಮಸ್ಯೆ!

ಆದೇಶ ಹೊರಟಿತು. ಒಂದೊಂದು ಡಬ್ಬಿಯೂ ವಾಪಸ್ ಬರಬೇಕು, ಸೋಮವಾರ ಕಚೇರಿಗೆ ತಲುಪಬೇಕು. ಆದರೆ ಅಷ್ಟರಲ್ಲಿ ಗೋಣಿಚೀಲ ಖಾಲಿ! ಸಾಹೇಬರ ಮಾತು ಮುಗಿಯುವ ಮೊದಲೇ ಹೆಂಗಸರು ತಾವಾಗಿಯೇ ಡಬ್ಬಿ ತೆಗೆದುಕೊಂಡು ಮನೆ ಸೇರಿದ್ದರು. ಮೊದಲು ಹೋದವರು ಆ ಅಜ್ಜಿ, ಅದೂ ಮೆಟ್ಟಿಲು ಹತ್ತಿ. ಮೇಡಂ ಹೊರಡುವಾಗ ಒಂದೇ ಮಾತು ಹೇಳಿದರು: "ಡಬ್ಬಿ ಬಂದರೆ ಸಹಿ."

ಗಡಿಯಾರ ನೋಡಿದೆ. ಇನ್ನೂ ಸಮಯವಿತ್ತು. ಬೆನ್ನಿಗೆ ಪ್ರವಾಸದ ಬ್ಯಾಗು, ಕೈಯಲ್ಲಿ ಖಾಲಿ ಚೀಲ, ಹಲ್ಲು ಕಚ್ಚಿ ಮನೆಮನೆಗೆ ಹೊರಟೆ. ನಾನು ಸೋಲುವ ಜಾತಿಯವಳಲ್ಲ!

ಮೊದಲ ಮನೆಯಲ್ಲಿ ನಾವೆಲ್ಲ ಕಾಕು ಎನ್ನುವ ಮರಾಠಿ ಚಿಕ್ಕಮ್ಮ ಬಾಗಿಲು ತೆಗೆದು, ಸಂಕ್ರಾಂತಿಯ ದಿನಗಳಲ್ಲಿ ಮನೆಗೆ ಬಂದ ಹೆಣ್ಣುಮಗಳು ನಿಂತೇ ಹೋಗುವುದುಂಟೇ ಎಂದು ಒಳಗೆಳೆದರು. ಹಣೆಗೆ ಕುಂಕುಮ, ಬಾಯಿಗೆ ಎಳ್ಳುಂಡೆ. ಡಬ್ಬಿ ಕೇಳಿದರೆ ಅದರಲ್ಲಿ ಆಗಲೇ ಹೆಸರುಬೇಳೆ ತುಂಬಿತ್ತು. ಪಾಪ, ನನ್ನ ಮುಖ ನೋಡಿ ಬೇಳೆ ಸುರಿದು ಕೊಟ್ಟರು. ಹೊಸ್ತಿಲು ದಾಟುವಾಗ ಕೈಗೆ ಇನ್ನೊಂದು ವಸ್ತು ಬಂತು. ಬರಿಗೈಯಲ್ಲಿ ಕಳಿಸಬಾರದಂತೆ. ಅವರ ಮನೆಯ ವಾಣ. ಪ್ಲಾಸ್ಟಿಕ್ ಜರಡಿ!

ಎರಡನೇ ಮನೆಯಲ್ಲಿ ಡಬ್ಬಿಯ ಜೊತೆ ಸೋಪಿನ ಪೆಟ್ಟಿಗೆ. ಮುಂದಿನ ಮನೆಯಲ್ಲಿ ಮಗ್. ಬೇಡವೆಂದರೆ, "ವಾಣ ನಕೋ ಮ್ಹಣತಾತ್ ಕಾ?" ಎಂದು ಕಣ್ಣು ಬಿಟ್ಟರು. ವಾಣಕ್ಕೆ ಬೇಡ ಅನ್ನುವವರುಂಟೇ! ಮಹಡಿ ಏರಿದಂತೆಲ್ಲ ನನ್ನ ಹಣೆಯ ಕುಂಕುಮ ಮೂಗಿಗಿಳಿಯಿತು, ಎಳ್ಳುಂಡೆಗೆ ದವಡೆ ಸೋತಿತು, ಚೀಲ ಊದಿತು. ಒಂದು ಚೀಲದೊಂದಿಗೆ ಹೊರಟವಳು ಎರಡು ಚೀಲ ಎಳೆದುಕೊಂಡು ಬಂದೆ. ಪ್ಲಾಸ್ಟಿಕ್ ಕಡಿಮೆ ಮಾಡಲು ಹೋಗಿ ಅದನ್ನು ದುಪ್ಪಟ್ಟು ಮಾಡಿದ ಮೊದಲ ಸರ್ಕಾರಿ ಪ್ರತಿನಿಧಿ ನಾನೇ ಇರಬೇಕು.

ಅಷ್ಟರಲ್ಲಿ ಋಚಾಳ ಫೋನು, ಎಲ್ಲಿದ್ದೀಯ, ಗಾಡಿ ಹೊರಡುತ್ತಿದೆ ಎಂದು. "ಕುಠೇ ಆಹೇಸ್? ಗಾಡಿ ನಿಕಾಲ್ ರಹೇ ಹೈ!"

"ಪಾಂಚ್ ಮಿನಿಟ್!" ಎಂದು ಕೂಗಿದೆ. ಕಟ್ಟಡದ ಇನ್ನೂ ಒಂದು ವಿಂಗ್ ಪೂರ್ತಿ ಬಾಕಿ ಇತ್ತು. ಐದು ನಿಮಿಷಕ್ಕೆ ಗಾಡಿ ಹೋಯಿತು. ಮೆಟ್ಟಿಲ ಮೇಲೆ ಡಬ್ಬಿಗಳ ನಡುವೆ ಕೂತು ನಾನು ಅತ್ತುಬಿಟ್ಟೆ. ನಿಜವಾಗಿಯೂ ಅತ್ತೆ. ಆಮೇಲೆ ಮೂಗು ಒರೆಸಿಕೊಂಡು ಉಳಿದ ವಿಂಗ್ ಹತ್ತಿದೆ. ಸೀತನಿಯಂತೂ ಹೋಯಿತು, ಸಹಿಯಾದರೂ ಬರಲಿ!

ಸೋಮವಾರ ಬೆಳಗ್ಗೆ ಎರಡು ಚೀಲಗಳೊಂದಿಗೆ ಲೋಕಲಿನ ಲೇಡೀಸ್ ಬೋಗಿಗೆ ನುಗ್ಗಿದೆ. ಆ ವೇಳೆಗೆ ಅಲ್ಲಿ ಗಾಳಿಗೂ ನಿಲ್ಲಲು ಜಾಗ ಇರುವುದಿಲ್ಲ. ಎಲ್ಲರೂ ಬೈಯತೊಡಗಿದರು. ಅಷ್ಟರಲ್ಲಿ ಒಬ್ಬಾಕೆ ಚೀಲದೊಳಗೆ ಇಣುಕಿ, "ಕೈಸಾ ದಿಯಾ?" ಎಂದಳು. ಎಷ್ಟಕ್ಕೆ ಕೊಡುತ್ತೀ? ಲೋಕಲಿನಲ್ಲಿ ಚೀಲ ಹೊತ್ತವಳು ಮಾರುವವಳೇ ಆಗಿರಬೇಕು!

"ಬೇಚನೇ ಕಾ ನಹೀ ಹೈ, ಸರ್ಕಾರಿ ಹೈ!" ಎಂದೆ. ಮಾರಲಿಕ್ಕಲ್ಲ, ಸರ್ಕಾರದ್ದು!

ಅದೇ ನನ್ನ ತಪ್ಪು. "ಸರ್ಕಾರಿ? ಮತ್ಲಬ್ ಫ್ರೀ!" ಎಂದು ಯಾರೋ ಕೂಗಿದರು. ಮುಂಬ್ರಾ ಸ್ಟೇಷನ್ ಬರುವಷ್ಟರಲ್ಲಿ ಒಂದು ಚೀಲ ಮುಗಿಯಿತು. ಕಳವಾ ದಾಟುವಾಗ ಎರಡನೆಯದು. ಠಾಣೆಯಲ್ಲಿ ಇಳಿದಾಗ ನನ್ನ ಕೈಯಲ್ಲಿ ಎರಡು ಖಾಲಿ ಗೋಣಿಚೀಲಗಳು, ನನ್ನ ಹಿಂದೆ ಪ್ರತಿ ಸ್ಟೇಷನ್ನಿನಲ್ಲೂ ಸಂತೋಷದಿಂದ ಗುಲಾಬಿ ಡಬ್ಬಿ ಹಿಡಿದು ಇಳಿದ ಮಹಿಳೆಯರು.

ಮೇಡಂ ಮುಂದೆ ನಿಂತು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಟೇಬಲ್ ಕಡೆಗೆ ತಲೆ ಬಗ್ಗಿಸಿದರು. ಭುಜ ಕುಲುಕುತ್ತಿದ್ದವು. ಸಿಟ್ಟೋ ನಗುವೋ ಗೊತ್ತಾಗಲಿಲ್ಲ. ಕೊನೆಗೆ ಕಣ್ಣೊರೆಸಿಕೊಂಡು ಹೇಳಿದರು: ಸಾಹೇಬರು ಡಬ್ಬಿಯನ್ನು ಮರೆತಿದ್ದಾರೆ, ಗರ್ದಿಯನ್ನು ಮರೆತಿಲ್ಲ. ಇಷ್ಟು ಹೆಂಗಸರನ್ನು ಇದುವರೆಗೆ ಯಾವ ಇಂಟರ್ನೂ ಸೇರಿಸಿಲ್ಲ. ಬರುವ ಶನಿವಾರ ಸಂಜೆ ಕಳವಾ ಶಿಬಿರ. ಅದನ್ನು ದಡ ಸೇರಿಸಿದರೆ ಸಹಿ.

ಅದೇ ಗಳಿಗೆಯಲ್ಲಿ ಋಚಾಳ ಸಂದೇಶ ಬಂತು. ನಾನು ತಪ್ಪಿಸಿಕೊಂಡೆನೆಂದು ಬೇಜಾರಾಗಿ, ನನಗಾಗಿಯೇ ಬರುವ ಶನಿವಾರ ಮತ್ತೆ ಹುರ್ಡಾ ಪಾರ್ಟಿ. ಸೀಟು ಹಿಡಿದಾಗಿದೆ!

ನಾನು ಮೇಡಂ ಮುಖ ನೋಡಿದೆ. "ಕರೂಯಾ ಮೇಡಂ" ಎಂದೆ. ಮಾಡೋಣ!

ಶನಿವಾರ ಸಂಜೆ ಕಳವಾ ಹಾಲ್‌ನಲ್ಲಿ ಬಟ್ಟೆಯ ಚೀಲಗಳ ವಾಣ ಜೋಡಿಸಿಟ್ಟು, ಮೈಕ್ ಹಿಡಿದು ನಿಂತಿದ್ದೆ. ಬಟ್ಟೆಯ ಚೀಲವೆಂಬ ಸುದ್ದಿ ಮೊದಲೇ ಹಬ್ಬಿತ್ತೋ ಏನೋ, ಖಾಲಿ ಕುರ್ಚಿಗಳೇ ಹೆಚ್ಚು. ಫೋನ್ ಗುಂಯ್ ಎಂದಿತು. ಋಚಾ ಫೋಟೋ ಕಳಿಸಿದ್ದಳು. ಕುಳ್ಳಿನ ಕೆಂಡದ ಪಕ್ಕದಲ್ಲಿ ನನ್ನ ಗೆಳತಿಯರು, ಅವರ ನಡುವೆ ಬಾಯಿ ತುಂಬ ಸೀತನಿ ತುಂಬಿಕೊಂಡು ಅವ್ವ, ಪಕ್ಕದಲ್ಲಿ ಶಾಂತಕ್ಕ! ತಕ್ಷಣ ಅವ್ವನಿಗೆ ಫೋನ್ ಹಚ್ಚಿದೆ.

"ಅವ್ವಾ, ನೀನ್ಯಾಕ ಅಲ್ಲಿ?"

"ನಿನ್ನ ಸೀಟ್ ಸುಮ್ಮನ ಹಾಳಾಗ್ತಿತ್ತಲ್ಲವಾ. ನಿನ್ನ ಗೆಳತ್ಯಾರ ಬಾಳ ಛಲೋ ಅದಾರ. ಮುಂದಿನ ಸಲಾನೂ ಬಾ ಅಂದಾರ."

"ನನಗ?"

ಆ ಕಡೆ ತೆನೆ ತಿಕ್ಕುವ ಸದ್ದು.

"ಇಲ್ಲವಾ," ಎಂದಳು ಅವ್ವ, "ನನಗ."